‘ಕೇಸು ಬಿದ್ದುಹೋಯ್ತು’ ಅಂದಮೇಲೆ

ಚನ್ನರಾಯಪಟ್ಟಣ ಎಂದ ಕೂಡಲೇ ರಾಜ್ಯದ ಹೆಚ್ಚಿನವರಿಗೆ ಹಾಸನ ಜಿಲ್ಲೆಯ ಊರು ನೆನಪಾಗುತ್ತಿತ್ತು. ಈಗ ಹಾಗಿಲ್ಲ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ಹೆಸರೂ ನಾಡಿನ ಕಿವಿಗೆ ಬಿದ್ದಿದೆ. 13 ಹಳ್ಳಿಗಳ 1,777 ಎಕರೆಯನ್ನು ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಸ್ವಾಧೀನಕ್ಕೆ ಗುರುತಿಸಿದಾಗ ರಾಗಿ, ದ್ರಾಕ್ಷಿ, ಹಿಪ್ಪುನೇರಳೆ ಬೆಳೆಯುತ್ತಿದ್ದ ರೈತರು 2022ರ ಏಪ್ರಿಲ್‌ನಲ್ಲಿ ಧರಣಿ ಕೂತರು. 2025ರ ಜೂನ್ 25ರಂದು ದೇವನಹಳ್ಳಿಯಲ್ಲಿ ಪೊಲೀಸರು ಅವರನ್ನು ಎಳೆದು ವಾಹನ ಹತ್ತಿಸಿದ್ದನ್ನು ಎಲ್ಲರೂ ನೋಡಿದರು. ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಸ್ವಾಧೀನ ಕೈಬಿಟ್ಟಿರುವುದಾಗಿ ಘೋಷಿಸಿದರು. ಅಂದಿಗೆ ಧರಣಿ 1,198 ದಿನ ತುಂಬಿತ್ತು.

ಆ ಗೆಲುವು ದೊಡ್ಡದು. ಅದು ಬಂದದ್ದು ಧರಣಿಯ ಚಪ್ಪರದಿಂದ, ಜನ ಒಟ್ಟಾಗಿ ನಿಂತದ್ದರಿಂದ. ಆದರೆ ಸರ್ಕಾರಿ ಅಧಿಕಾರಿಯಿಂದ ಅನ್ಯಾಯವಾದ ಎಲ್ಲರ ಹಿಂದೆಯೂ 13 ಹಳ್ಳಿ ನಿಲ್ಲುವುದಿಲ್ಲ. ರಾತ್ರೋರಾತ್ರಿ ಜೆಸಿಬಿ ತಂದು ಕಾಂಪೌಂಡ್ ಕೆಡವಿದ್ದಕ್ಕೆ, ಕಾರಣ ಹೇಳದೆ ಎರಡು ದಿನ ಠಾಣೆಯಲ್ಲಿ ಕೂರಿಸಿಕೊಂಡದ್ದಕ್ಕೆ, ಖಾತೆಯಿಂದ ಹೆಸರು ಹೊಡೆದುಹಾಕಿದ್ದಕ್ಕೆ ಒಬ್ಬೊಬ್ಬರೇ ನ್ಯಾಯಾಲಯಕ್ಕೆ ಹೋಗಬೇಕು. ಹೀಗೆ ಹೋದವರಲ್ಲಿ ಬಹಳ ಮಂದಿ ಒಂದು ದಿನ ಊರಿಗೆ ಮರಳಿ ಹೇಳುವ ಮಾತು ಒಂದೇ: ‘ಕೇಸು ಬಿದ್ದುಹೋಯ್ತು.’

ಆಮೇಲೆ ಅವರು ಫೈಲನ್ನು ಬೀರುವಿನ ಮೇಲೆ ಎಸೆದುಬಿಡುತ್ತಾರೆ. ನನ್ನ ತಕರಾರು ಇರುವುದು ಇಲ್ಲಿ. ಕೇಸು ಹೇಗೆ ಬಿತ್ತು ಎಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿಗೆ ಗೊತ್ತಿರುವುದಿಲ್ಲ. ‘ವಜಾ’ ಎಂಬ ಎರಡಕ್ಷರದೊಳಗೆ ಬೇರೆಬೇರೆ ಐದಾರು ಸಂಗತಿಗಳು ಕೂತಿವೆ. ಒಂದೊಂದಕ್ಕೂ ಮುಂದಿನ ದಾರಿ ಬೇರೆ, ಗಡುವು ಬೇರೆ, ಹೋಗಬೇಕಾದ ಬಾಗಿಲು ಬೇರೆ. ಮೇಲ್ಮನವಿಯ ಅರ್ಧ ಕೆಲಸ ಆದೇಶವನ್ನು ಕೂತು ಓದುವುದರಲ್ಲೇ ಮುಗಿಯುತ್ತದೆ.

ಮೊದಲು ತೀರ ಸಾಮಾನ್ಯವಾದದ್ದನ್ನು ನೋಡೋಣ. ಸರ್ಕಾರದ ಮೇಲಾಗಲಿ, ಅಧಿಕಾರದಲ್ಲಿದ್ದು ಮಾಡಿದ ಕೆಲಸಕ್ಕಾಗಿ ಅಧಿಕಾರಿಯ ಮೇಲಾಗಲಿ ಸಿವಿಲ್ ದಾವೆ ಹೂಡುವ ಮುನ್ನ ಎರಡು ತಿಂಗಳ ನೋಟಿಸ್ ಕೊಡಬೇಕು. ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಂ ಇದನ್ನು ಹೇಳುತ್ತದೆ. ರಾಜ್ಯ ಸರ್ಕಾರಕ್ಕೆ ಕೊಡುವ ನೋಟಿಸನ್ನು ಸರ್ಕಾರದ ಕಾರ್ಯದರ್ಶಿಗೆ ಕೊಡಬಹುದು, ಇಲ್ಲವೇ ಜಿಲ್ಲಾಧಿಕಾರಿಗೆ ಕೊಡಬಹುದು. ನಮ್ಮ ಜಿಲ್ಲೆಯವರು ವಿಧಾನಸೌಧದವರೆಗೆ ಹೋಗಬೇಕಾಗಿಲ್ಲ, ಬೀರಸಂದ್ರದ ಡಿ.ಸಿ. ಕಚೇರಿಯಲ್ಲಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಂಡರೆ ಸಾಕು. ನಾಳೆ ಬೆಳಿಗ್ಗೆಯೇ ಮನೆ ಕೆಡವುತ್ತಾರೆ ಎಂಬಂಥ ತುರ್ತು ಇದ್ದರೆ ನ್ಯಾಯಾಲಯದ ಅನುಮತಿ ಪಡೆದು ನೋಟಿಸ್ ಇಲ್ಲದೆಯೂ ದಾವೆ ಹೂಡಬಹುದು. ತುರ್ತಿಲ್ಲ ಎಂದು ನ್ಯಾಯಾಧೀಶರಿಗೆ ಅನ್ನಿಸಿದರೆ ಅವರು ದಾವಾಪತ್ರವನ್ನು ಹಿಂತಿರುಗಿಸಬೇಕು, ನೋಟಿಸ್ ಕೊಟ್ಟು ಬನ್ನಿ ಎನ್ನಬೇಕು. ನೋಟಿಸಿನಲ್ಲಿ ಸಣ್ಣಪುಟ್ಟ ತಪ್ಪಿದೆ ಎಂಬ ಒಂದೇ ಕಾರಣಕ್ಕೆ ದಾವೆಯನ್ನು ವಜಾ ಮಾಡಕೂಡದು ಎಂದೂ ಅದೇ ಕಲಂ ಹೇಳುತ್ತದೆ. 1976ರ ತಿದ್ದುಪಡಿ ತಂದ ಈ ರಿಯಾಯಿತಿ ಗೊತ್ತಿಲ್ಲದೆ ಕೈಚೆಲ್ಲಿದವರು ಎಷ್ಟೋ ಮಂದಿ.

ನೋಟಿಸ್ ಕೊಟ್ಟಿಲ್ಲ, ದಾವೆಗೆ ಕಾರಣವೇ ಕಾಣುವುದಿಲ್ಲ, ಶುಲ್ಕ ಕಟ್ಟಿಲ್ಲ, ಕಾನೂನೇ ಈ ದಾವೆಯನ್ನು ತಡೆಯುತ್ತದೆ ಎಂಬ ಕಾರಣಗಳಿಗೆ ಸಾಕ್ಷ್ಯ ನೋಡುವ ಮೊದಲೇ ದಾವಾಪತ್ರವನ್ನು ತಿರಸ್ಕರಿಸುವುದುಂಟು. ಇದು ಅದೇ ಸಂಹಿತೆಯ 7ನೇ ಆದೇಶದ 11ನೇ ನಿಯಮ. ಸರ್ಕಾರಿ ವಕೀಲರ ಕೈಯಲ್ಲಿರುವ ಮೊದಲ ಅಸ್ತ್ರ ಇದೇ. ಹೀಗೆ ತಿರಸ್ಕೃತವಾದರೆ ನಿಮ್ಮ ಕಾಂಪೌಂಡ್ ಕೆಡವಿದ್ದು ಸರಿ ಎಂದು ಯಾರೂ ಹೇಳಿದಂತಾಗಲಿಲ್ಲ. ಆ ಪ್ರಶ್ನೆಯನ್ನು ನ್ಯಾಯಾಲಯ ಮುಟ್ಟಿಯೇ ಇಲ್ಲ. ಕಾಲಮಿತಿ ಉಳಿದಿದ್ದರೆ ತಪ್ಪು ತಿದ್ದಿ ಹೊಸದಾಗಿ ದಾವೆ ಹೂಡಬಹುದು. ಅದೂ ಅಲ್ಲದೆ ಕಾನೂನಿನ ಕಣ್ಣಲ್ಲಿ ಈ ತಿರಸ್ಕಾರ ಒಂದು ಡಿಕ್ರಿ, ಆದ್ದರಿಂದ ನೇರವಾಗಿ ಮೇಲ್ಮನವಿಗೂ ಹೋಗಬಹುದು. ಎರಡರಲ್ಲಿ ಯಾವುದು ಎಂಬುದನ್ನು ತಪ್ಪು ಯಾರದು ಎಂಬುದರ ಮೇಲೆ ತೀರ್ಮಾನಿಸಬೇಕು. ನೋಟಿಸ್ ನಿಜವಾಗಿಯೂ ಕೊಟ್ಟಿರದಿದ್ದರೆ ಮೇಲ್ಮನವಿಯಲ್ಲಿ ವರ್ಷಗಟ್ಟಲೆ ಕಳೆಯುವುದು ವ್ಯರ್ಥ. ಕೊಟ್ಟಿದ್ದೂ ನ್ಯಾಯಾಲಯ ಗಮನಿಸದಿದ್ದರೆ ಮೇಲ್ಮನವಿಯೇ ಸರಿ.

ಇನ್ನೊಂದು ಬಗೆ, ತಾರೀಖಿಗೆ ಹೋಗದೆ ಬಿದ್ದ ಕೇಸು. ಬಸ್ಸು ತಪ್ಪಿತು, ವಕೀಲರು ಬೇರೆ ಹಾಲ್‌ನಲ್ಲಿದ್ದರು, ಕೂಗಿದಾಗ ಯಾರೂ ಇರಲಿಲ್ಲ. ಇದಕ್ಕೆ ಮೇಲ್ಮನವಿ ಬೇಕಾಗಿಲ್ಲ. ಅದೇ ನ್ಯಾಯಾಲಯಕ್ಕೆ 30 ದಿನದೊಳಗೆ ಅರ್ಜಿ ಹಾಕಿ, ಬಾರದಿದ್ದುದಕ್ಕೆ ತಕ್ಕ ಕಾರಣ ತೋರಿಸಿದರೆ ದಾವೆ ಮತ್ತೆ ಜೀವ ಪಡೆಯುತ್ತದೆ. ಆ 30 ದಿನ ಸುಮ್ಮನೆ ಕಳೆದುಹೋಗಲು ಬಿಡುವುದೇ ದೊಡ್ಡ ನಷ್ಟ.

ಸಾಕ್ಷ್ಯ ನೋಡಿ, ವಾದ ಕೇಳಿ, ನಿಮ್ಮ ಹಕ್ಕು ಸಾಬೀತಾಗಿಲ್ಲ ಎಂದು ವಜಾ ಮಾಡಿದರೆ ಮಾತ್ರ ಅದು ಪೂರ್ತಿ ಅರ್ಥದ ಸೋಲು. ಅಂಥ ಸೋಲೂ ಮೇಲಿನ ಪೀಠದಲ್ಲಿ ತಿರುಗಿದ್ದುಂಟು. ಬೆಂಗಳೂರಿನದೇ ಒಂದು ಪ್ರಕರಣವನ್ನು ಕೊಂಚ ವಿವರವಾಗಿ ಹೇಳುತ್ತೇನೆ. ಅಧಿಕಾರದಲ್ಲಿರುವವರ ವಿರುದ್ಧ ಕೇಸು ಸೋತು ಬಂದವರೆಲ್ಲ ಇದನ್ನು ತಿಳಿದಿರಬೇಕು.

ರಾಜಮಹಲ್ ವಿಲಾಸ್ ಬಡಾವಣೆಯ ಯೋಜನೆಯಲ್ಲಿ ಒಂದು ಜಾಗವನ್ನು ಸಾರ್ವಜನಿಕ ಉದ್ಯಾನಕ್ಕೆಂದು ಬಿಟ್ಟಿತ್ತು. 1976ರಲ್ಲಿ, ಅಂದಿನ ಮುಖ್ಯಮಂತ್ರಿಗಳ ಸೂಚನೆಯಂತೆ, ಸರ್ಕಾರ ಅದನ್ನು ಖಾಸಗಿ ಆಸ್ಪತ್ರೆ ಕಟ್ಟಲು ಬೆಂಗಳೂರು ಮೆಡಿಕಲ್ ಟ್ರಸ್ಟ್‌ಗೆ ಕೊಡುವ ಆದೇಶ ಹೊರಡಿಸಿತು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಹಂಚಿಕೆ ಮಾಡಿತು. ಬಡಾವಣೆಯ ನಿವಾಸಿಗಳು ಹೈಕೋರ್ಟಿಗೆ ರಿಟ್ ಅರ್ಜಿ ಹಾಕಿದರು. ಏಕಸದಸ್ಯ ಪೀಠ ಅರ್ಜಿಯನ್ನು ವಜಾ ಮಾಡಿತು. ಸರ್ಕಾರದ ಆದೇಶವಿದೆ, ಪ್ರಾಧಿಕಾರ ಅದರಂತೆ ನಡೆದಿದೆ, ತಪ್ಪೇನೂ ಇಲ್ಲ ಎಂಬ ಅಭಿಪ್ರಾಯ ಅದರದು. ಆಸ್ಪತ್ರೆಯೂ ಜನರಿಗೆ ಬೇಕಾದದ್ದೇ ಅಲ್ಲವೇ ಎಂಬ ಮಾತು ಕೇಳಲು ಚೆನ್ನಾಗಿಯೇ ಇತ್ತು.

ನಿವಾಸಿಗಳು ಅಲ್ಲಿಗೇ ಬಿಡಲಿಲ್ಲ. ಕರ್ನಾಟಕ ಹೈಕೋರ್ಟ್ ಕಾಯ್ದೆ, 1961ರ 4ನೇ ಕಲಂ ಏಕಸದಸ್ಯ ಪೀಠದ ಇಂಥ ಆದೇಶದ ಮೇಲೆ ಇಬ್ಬರು ನ್ಯಾಯಮೂರ್ತಿಗಳ ಪೀಠಕ್ಕೆ ಮೇಲ್ಮನವಿ ಹೋಗುವ ಅವಕಾಶ ಕೊಡುತ್ತದೆ. ಅಲ್ಲಿ ಇಡೀ ಕೇಸಿನ ದಿಕ್ಕೇ ಬದಲಾಯಿತು. ಉದ್ಯಾನಕ್ಕೆಂದು ಮಂಜೂರಾದ ಯೋಜನೆಯಲ್ಲಿ ಮೀಸಲಿಟ್ಟ ಜಾಗವನ್ನು ಖಾಸಗಿಯವರಿಗೆ ಕೊಡಲು ಕಾಯ್ದೆ ಬಿಡುವುದಿಲ್ಲ, ಉದ್ದೇಶ ಆಸ್ಪತ್ರೆಯೇ ಆದರೂ ಸರಿ ಎಂದು ವಿಭಾಗೀಯ ಪೀಠ ಹೇಳಿತು. ಟ್ರಸ್ಟ್ ಸುಪ್ರೀಂ ಕೋರ್ಟಿಗೆ ಹೋಯಿತು. 1991ರ ಜುಲೈನಲ್ಲಿ ನ್ಯಾಯಮೂರ್ತಿಗಳಾದ ಟಿ.ಕೆ. ತೊಮ್ಮನ್ ಮತ್ತು ಆರ್.ಎಂ. ಸಹಾಯ್ ವಿಭಾಗೀಯ ಪೀಠದ ತೀರ್ಪನ್ನೇ ಎತ್ತಿಹಿಡಿದರು. ತಮ್ಮ ಬಡಾವಣೆಯ ಉದ್ಯಾನ ಕೈತಪ್ಪುವಾಗ ಅಲ್ಲಿಯ ನಿವಾಸಿಗಳಿಗೆ ಪ್ರಶ್ನಿಸುವ ಹಕ್ಕು ಇದ್ದೇ ಇದೆ ಎಂಬುದೂ ಆ ತೀರ್ಪಿನಲ್ಲಿ ಗಟ್ಟಿಯಾಯಿತು.

ನಿವಾಸಿಗಳ ಮೇಲ್ಮನವಿ ಗೆದ್ದದ್ದು ಏಕೆ ಎಂಬುದನ್ನು ನಾನು ಬಹಳ ಸಲ ಯೋಚಿಸಿದ್ದೇನೆ. ನಮಗೆ ಅನ್ಯಾಯವಾಗಿದೆ ಎಂದು ಅದೇ ಅಳಲನ್ನು ಎರಡನೇ ಸಲ ತೋಡಿಕೊಂಡಿದ್ದರೆ ಫಲ ಸಿಗುತ್ತಿರಲಿಲ್ಲ. ಕೆಳಗಿನ ಪೀಠ ‘ಸರ್ಕಾರದ ಆದೇಶವಿದೆ’ ಎಂಬಲ್ಲಿ ನಿಂತಿತ್ತು. ಮೇಲಿನ ಪೀಠ ‘ಆ ಆದೇಶ ಕೊಡುವ ಅಧಿಕಾರ ಸರ್ಕಾರಕ್ಕೆ ಇತ್ತೇ’ ಎಂದು ಕೇಳಿತು. ಮೇಲ್ಮನವಿಯ ಆಧಾರಗಳನ್ನು ಬರೆಯುವಾಗ ಕೆಳಗಿನ ತೀರ್ಪಿನ ಇಂಥ ಜಾಗವನ್ನೇ ಹುಡುಕಬೇಕು. ಯಾವ ದಾಖಲೆಯನ್ನು ನೋಡಲಿಲ್ಲ, ಯಾವ ಸಾಕ್ಷಿಯನ್ನು ಕಾರಣ ಕೊಡದೆ ತಳ್ಳಿಹಾಕಿದರು, ಯಾವ ಪ್ರಶ್ನೆಗೆ ಉತ್ತರವೇ ಇಲ್ಲ, ಯಾವ ಕಲಮನ್ನು ತಪ್ಪಾಗಿ ಓದಿದರು. ತೀರ್ಪಿನ ಪುಟ, ಪ್ಯಾರಾ ಸಂಖ್ಯೆ ಹಾಕಿ ಬರೆದರೆ ಅದಕ್ಕೆ ಬರುವ ತೂಕವೇ ಬೇರೆ.

ಭೂಮಿ ವಿಷಯದಲ್ಲಿ ನಮ್ಮ ಕಡೆಯವರು ಮತ್ತೆ ಮತ್ತೆ ಎಡವುವ ಇನ್ನೊಂದು ಕಡೆ ಇದೆ, ತಪ್ಪು ಬಾಗಿಲು. ಸ್ವಾಧೀನದ ಅಧಿಸೂಚನೆ ಬಂದ ಮೇಲೆ ಸಮೀಪದಲ್ಲಿದೆ ಎಂದು ತಾಲ್ಲೂಕಿನ ಸಿವಿಲ್ ನ್ಯಾಯಾಲಯಕ್ಕೆ ಹೋಗಿ ತಡೆಯಾಜ್ಞೆ ಕೇಳುತ್ತಾರೆ. ಬಿಡಿಎ ಸ್ವಾಧೀನದ ಒಂದು ಪ್ರಕರಣದಲ್ಲಿ ವಿಚಾರಣಾ ನ್ಯಾಯಾಲಯ ಇಂಥ ದಾವೆಯನ್ನು ತನಗೆ ಅಧಿಕಾರವಿಲ್ಲವೆಂದು ವಜಾ ಮಾಡಿತ್ತು. ಹೈಕೋರ್ಟ್ ಅದನ್ನು ರದ್ದುಪಡಿಸಿ ಮತ್ತೆ ವಿಚಾರಣೆಗೆ ಕಳಿಸಿತು. 2013ರಲ್ಲಿ ಸುಪ್ರೀಂ ಕೋರ್ಟ್ ವಿಚಾರಣಾ ನ್ಯಾಯಾಲಯದ್ದೇ ಸರಿ ಎಂದಿತು. ಸ್ವಾಧೀನದ ಸಿಂಧುತ್ವವನ್ನು ಪ್ರಶ್ನಿಸಲು ಸಂವಿಧಾನದ 226ನೇ ವಿಧಿಯಂತೆ ಹೈಕೋರ್ಟಿಗೇ ಹೋಗಬೇಕು. ಆ ಭೂಮಾಲೀಕರು ಮೂರು ಮೆಟ್ಟಿಲು ಹತ್ತಿ ತಿಳಿದದ್ದು ಬಾಗಿಲು ಬೇರೆ ಎಂಬುದನ್ನು.

ಇದರ ತಿರುವುಮುರುವೂ ಉಂಟು. ರಿಟ್ ಹಾಕುತ್ತಾರೆ, ‘ಇದರಲ್ಲಿ ಸಂಗತಿಗಳೇ ವಿವಾದದಲ್ಲಿವೆ, ಸಾಕ್ಷ್ಯ ಬೇಕು, ಸಿವಿಲ್ ನ್ಯಾಯಾಲಯಕ್ಕೆ ಹೋಗಿ’ ಎಂದು ಹೈಕೋರ್ಟ್ ವಜಾ ಮಾಡುತ್ತದೆ. ಅದು ಬಾಗಿಲು ತೋರಿಸಿದ ಆದೇಶ, ನಿಮ್ಮನ್ನು ಸೋಲಿಸಿದ ಆದೇಶ ಎಂದುಕೊಳ್ಳಬೇಡಿ. ಬದಲಿ ಪರಿಹಾರವಿದೆ ಎಂಬ ಕಾರಣಕ್ಕೋ, ಕಾರಣವೇ ಬರೆಯದೆ ಆರಂಭದಲ್ಲೋ ವಜಾ ಆದ ರಿಟ್ ಮುಂದಿನ ದಾವೆಗೆ ಅಡ್ಡಬರುವುದಿಲ್ಲ ಎಂದು 1961ರಷ್ಟು ಹಿಂದೆಯೇ ದರಿಯಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಅರ್ಹತೆಯ ಮೇಲೆ ವಿಚಾರಿಸಿ ವಜಾ ಮಾಡಿದ್ದರೆ ಮಾತ್ರ ಅದೇ ವಿಷಯವನ್ನು ಮತ್ತೆ ಎತ್ತುವಂತಿಲ್ಲ, ಮೇಲ್ಮನವಿಯೇ ದಾರಿ. ತಪ್ಪು ಬಾಗಿಲಲ್ಲಿ ಪ್ರಾಮಾಣಿಕವಾಗಿ ಕಳೆದ ಕಾಲವನ್ನು ಕಾಲಮಿತಿ ಕಾಯ್ದೆಯ 14ನೇ ಕಲಂ ಲೆಕ್ಕದಿಂದ ಬಿಟ್ಟುಕೊಡುತ್ತದೆ.

ನ್ಯಾಯಮೂರ್ತಿಗಳ ಮುಖ ನೋಡಿ ವಕೀಲರು ‘ವಾಪಸ್ ತಗೋತೀನಿ ಸ್ವಾಮಿ’ ಎನ್ನುವ ಸಂದರ್ಭಗಳಿವೆ. ಆಗ ‘ಹೊಸದಾಗಿ ಹೂಡುವ ಸ್ವಾತಂತ್ರ್ಯವನ್ನು ಕಾಯ್ದಿರಿಸಿ’ ಎಂದು ಕೇಳಿ, ಅದನ್ನು ಆದೇಶದಲ್ಲಿ ಬರೆಸಿಕೊಳ್ಳಲೇಬೇಕು. ಆ ಒಂದು ಸಾಲು ಇಲ್ಲದೆ ವಾಪಸು ಪಡೆದರೆ ಅದೇ ವಿಷಯಕ್ಕೆ ಮತ್ತೆ ಬರಲು ದಾರಿ ಮುಚ್ಚುತ್ತದೆ. ಕಕ್ಷಿದಾರರು ಕೋರ್ಟ್ ಹಾಲಿನ ಹೊರಗೆ ಕಾಯುತ್ತ ಕೂತಿರುವಾಗ ಒಳಗೆ ಇಷ್ಟೆಲ್ಲ ನಡೆದುಹೋಗಿರುತ್ತದೆ. ಹೊರಗೆ ಬಂದ ವಕೀಲರನ್ನು ‘ಏನಂತ ಬರೆಸಿದಿರಿ ಸರ್?’ ಎಂದು ಕೇಳಲು ಸಂಕೋಚಪಡಬೇಡಿ.

ಪೊಲೀಸರ ಮೇಲಿನ ಕೇಸುಗಳದು ಬೇರೆಯದೇ ಕಷ್ಟ. ಕರ್ನಾಟಕ ಪೊಲೀಸ್ ಕಾಯ್ದೆ, 1963ರ 170ನೇ ಕಲಂ ಪ್ರಕಾರ, ಕರ್ತವ್ಯದ ಹೆಸರಿನಲ್ಲಿ ಅಥವಾ ಕರ್ತವ್ಯವನ್ನು ಮೀರಿ ಮಾಡಿದ ಕೃತ್ಯಕ್ಕೆ ದಾವೆಯಾಗಲಿ ಕ್ರಿಮಿನಲ್ ಮೊಕದ್ದಮೆಯಾಗಲಿ ಸರ್ಕಾರದ ಪೂರ್ವಾನುಮತಿ ಇಲ್ಲದೆ ನಡೆಯುವಂತಿಲ್ಲ. ಠಾಣೆಯಲ್ಲಿ ಹೊಡೆದದ್ದು ಕರ್ತವ್ಯವೇ ಎಂದು ಯಾರಿಗಾದರೂ ಸಿಟ್ಟು ಬರುತ್ತದೆ. 2020ರ ಜೂನ್‌ನಲ್ಲಿ ನಮ್ಮ ರಾಜ್ಯದ ಪೊಲೀಸ್ ಅಧಿಕಾರಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು, ಮಿತಿಮೀರಿದ ಕೃತ್ಯಕ್ಕೂ ಕರ್ತವ್ಯಕ್ಕೂ ನ್ಯಾಯವಾದ ನಂಟಿದ್ದರೆ ಅನುಮತಿ ಬೇಕೇ ಬೇಕು ಎಂದು. ದೂರುದಾರರ ಪ್ರಕರಣ ಅಲ್ಲಿಗೆ ರದ್ದಾಯಿತು. ಈ ತೀರ್ಪು ನಾಗರಿಕರ ಮೇಲೆ ಹೊರೆ ಹೆಚ್ಚಿಸಿದೆ ಎಂದೇ ನನ್ನ ಅಭಿಪ್ರಾಯ. ಇದ್ದರೂ ಅದೇ ಇಂದಿನ ಕಾನೂನು, ಅದನ್ನು ತಿಳಿದೇ ಹೆಜ್ಜೆ ಇಡಬೇಕು. ಅನುಮತಿ ಇಲ್ಲವೆಂದು ವಜಾ ಆಗಿದ್ದರೆ ಅಧಿಕಾರಿ ನಿರ್ದೋಷಿ ಎಂದು ಅರ್ಥವಲ್ಲ. ಅನುಮತಿಗೆ ಅರ್ಜಿ ಹಾಕಿ, ಸ್ವೀಕೃತಿ ಇಟ್ಟುಕೊಳ್ಳಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 218ನೇ ಕಲಂ ಕ್ರಿಮಿನಲ್ ಮೊಕದ್ದಮೆಯ ಅನುಮತಿಗೆ 120 ದಿನದ ಗಡುವು ಹಾಕಿದೆ. ಅಷ್ಟರಲ್ಲಿ ಸರ್ಕಾರ ತೀರ್ಮಾನಿಸದಿದ್ದರೆ ಆ ಕಲಂ ಪ್ರಕಾರ ಅನುಮತಿ ಕೊಟ್ಟಂತೆಯೇ.

ಪರಿಹಾರ ಕೇಳಿದ ದಾವೆಗಳು ಬೀಳುವುದರ ಹಿಂದೆ ಒಂದು ಹಳೆಯ ತೀರ್ಪಿನ ನೆರಳಿದೆ. ಮೀರತ್‌ನ ಪೊಲೀಸರು ವ್ಯಾಪಾರಿಯೊಬ್ಬರಿಂದ ವಶಪಡಿಸಿಕೊಂಡ ಚಿನ್ನವನ್ನು ಠಾಣೆಯ ಹೆಡ್ ಕಾನ್‌ಸ್ಟೆಬಲ್ ಹೊತ್ತುಕೊಂಡು ಪಾಕಿಸ್ತಾನಕ್ಕೆ ಓಡಿಹೋದ. 1964ರ ಕಸ್ತೂರಿಲಾಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಬಂಧನ ಮತ್ತು ಜಪ್ತಿ ರಾಜ್ಯದ ಸಾರ್ವಭೌಮ ಕೆಲಸ, ಅದರಲ್ಲಾದ ನಷ್ಟಕ್ಕೆ ಸರ್ಕಾರ ಹೊಣೆಯಲ್ಲ ಎಂದಿತು. ದಾವೆ ಬಿತ್ತು. ಆದರೆ ಹತ್ತೊಂಬತ್ತು ವರ್ಷದ ನಂತರ ಇನ್ನೊಂದು ಬಾಗಿಲು ತೆರೆಯಿತು. ಬಿಹಾರದ ರುದುಲ್ ಸಾಹ್ ಖುಲಾಸೆಯಾದ ಮೇಲೂ 14 ವರ್ಷ ಜೈಲಿನಲ್ಲೇ ಕೊಳೆತರು. 1983ರಲ್ಲಿ ಸುಪ್ರೀಂ ಕೋರ್ಟ್ ರಿಟ್ ಅರ್ಜಿಯಲ್ಲೇ ಅವರಿಗೆ ಪರಿಹಾರ ಕೊಡಿಸಿತು, ಹೆಚ್ಚಿನ ನಷ್ಟಕ್ಕೆ ದಾವೆ ಹೂಡುವ ಹಕ್ಕನ್ನೂ ಉಳಿಸಿತು. 1993ರಲ್ಲಿ ಒಡಿಶಾದ ನೀಲಬತಿ ಬೆಹೆರಾ, ಪೊಲೀಸ್ ವಶದಲ್ಲಿ ಸತ್ತ ಮಗನಿಗಾಗಿ ಬರೆದ ಒಂದು ಕಾಗದವನ್ನೇ ರಿಟ್ ಎಂದು ಪರಿಗಣಿಸಿ ಒಂದೂವರೆ ಲಕ್ಷ ರೂಪಾಯಿ ಕೊಡಿಸಿದ ನ್ಯಾಯಾಲಯ, ಮೂಲಭೂತ ಹಕ್ಕು ಕಸಿದಾಗ ಸಾರ್ವಭೌಮತೆಯ ರಕ್ಷಣೆ ನಡೆಯುವುದಿಲ್ಲ ಎಂದು ಬಿಡಿಸಿ ಹೇಳಿತು. ನಿಮ್ಮ ದಾವೆಯನ್ನು ಕಸ್ತೂರಿಲಾಲ್ ಹೆಸರು ಹೇಳಿ ವಜಾ ಮಾಡಿದ್ದರೆ ಮೇಲ್ಮನವಿಯಲ್ಲಿ ಈ ಎರಡು ಹೆಸರುಗಳು ಇರಲೇಬೇಕು.

ಇನ್ನು ಗಡುವು. ಜಿಲ್ಲಾ ಹಂತದ ನ್ಯಾಯಾಲಯಕ್ಕೆ ಮೊದಲ ಮೇಲ್ಮನವಿಗೆ 30 ದಿನ, ಹೈಕೋರ್ಟಿಗಾದರೆ 90 ದಿನ. ಹೈಕೋರ್ಟಿನ ಒಳಗೇ ಏಕಸದಸ್ಯ ಪೀಠದಿಂದ ವಿಭಾಗೀಯ ಪೀಠಕ್ಕೆ 30 ದಿನ. ಅಲ್ಲಿಂದ ಸುಪ್ರೀಂ ಕೋರ್ಟಿಗೆ ವಿಶೇಷ ಅನುಮತಿ ಅರ್ಜಿಗೆ ಸಾಮಾನ್ಯವಾಗಿ 90 ದಿನ. ತೀರ್ಪಿನ ದೃಢೀಕೃತ ನಕಲು ಪಡೆಯಲು ಹಿಡಿದ ದಿನಗಳು ಈ ಲೆಕ್ಕಕ್ಕೆ ಸೇರುವುದಿಲ್ಲ. ಆದರೆ ನೀವು ಅರ್ಜಿ ಹಾಕಿದ ದಿನದಿಂದಷ್ಟೇ ಆ ವಿನಾಯಿತಿ, ಅರ್ಜಿಯೇ ಹಾಕದೆ ಮನೆಯಲ್ಲಿ ಕೂತ ದಿನಗಳಿಗೆ ಇಲ್ಲ. ಗಡುವು ಮೀರಿದರೆ ವಿಳಂಬ ಮನ್ನಾ ಅರ್ಜಿ ಹಾಕಬಹುದು. ಕಾಯಿಲೆ ಇದ್ದರೆ ಆಸ್ಪತ್ರೆಯ ಚೀಟಿ, ಊರಲ್ಲಿ ಇರದಿದ್ದರೆ ಅದಕ್ಕೆ ದಾಖಲೆ, ಹೀಗೆ ಪ್ರತಿ ತಿಂಗಳಿಗೂ ನಿಜವಾದ ಕಾರಣ ಬೇಕು. ಸರ್ಕಾರಕ್ಕೊಂದು ಗಡುವು, ನಾಗರಿಕನಿಗೊಂದು ಗಡುವು ಇಲ್ಲ ಎಂದು 2012ರಲ್ಲಿ ಅಂಚೆ ಇಲಾಖೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಲಾಖೆಯ ಮೇಲ್ಮನವಿಯನ್ನೇ ತಳ್ಳಿಹಾಕಿತ್ತು.

ಮೇಲ್ಮನವಿ ಹಾಕಿದ ಮಾತ್ರಕ್ಕೆ ಅಧಿಕಾರಿಗಳ ಕೈ ಕಟ್ಟುವುದಿಲ್ಲ. ತಡೆಯಾಜ್ಞೆಯನ್ನು ಬೇರೆಯಾಗಿ ಕೇಳಬೇಕು. ಇದನ್ನು ಮರೆತು, ಮೇಲ್ಮನವಿ ಬಾಕಿ ಇರುವಾಗಲೇ ಗೋಡೆ ಬಿದ್ದುಹೋದ ಮೇಲೆ ವಾದಿಸಲು ಉಳಿಯುವುದು ಪರಿಹಾರದ ಹಣವಷ್ಟೇ. ಹೊಸ ಸಾಕ್ಷ್ಯ ಸಲ್ಲಿಸುವುದಕ್ಕೂ ಮಿತಿಯಿದೆ: ಕೆಳಗೆ ತರಲು ಪ್ರಯತ್ನಿಸಿದರೂ ಸಿಗದಿದ್ದದ್ದು, ಅಥವಾ ಕೆಳಗಿನ ನ್ಯಾಯಾಲಯ ತಪ್ಪಾಗಿ ನಿರಾಕರಿಸಿದ್ದು, ಇಂಥವನ್ನೇ ಒಳಗೆ ಬಿಡುತ್ತಾರೆ. ಮೊದಲ ಮೇಲ್ಮನವಿಯಲ್ಲಿ ಸಂಗತಿಗಳನ್ನೂ ಕಾನೂನನ್ನೂ ಪೂರ್ತಿ ಮರುಪರಿಶೀಲಿಸುತ್ತಾರೆ. ಎರಡನೆಯದರಲ್ಲಿ, ಸಿವಿಲ್ ಪ್ರಕ್ರಿಯಾ ಸಂಹಿತೆಯ 100ನೇ ಕಲಂ ಪ್ರಕಾರ, ಕಾನೂನಿನ ಮಹತ್ವದ ಪ್ರಶ್ನೆಯಿದ್ದರೆ ಮಾತ್ರ ಹೈಕೋರ್ಟ್ ಕೈಹಾಕುತ್ತದೆ. ಹಾಗಾಗಿ ಜಮೀನಿನ ಅಳತೆ, ಮಹಜರು, ಗಾಯದ ಪ್ರಮಾಣಪತ್ರ, ಯಾರು ಯಾವಾಗ ಬಂದರು ಎಂಬ ಎಲ್ಲ ವಾದಕ್ಕೂ ಮೊದಲ ಮೇಲ್ಮನವಿಯೇ ಕೊನೆಯ ಅವಕಾಶ ಎಂದು ತಿಳಿದು ಅದಕ್ಕೆ ಶಕ್ತಿ ಹಾಕಬೇಕು.

ಹಣ ಎಲ್ಲಿಂದ ತರೋಣ ಎಂಬ ಪ್ರಶ್ನೆ ನ್ಯಾಯವಾದದ್ದೇ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು ಆದಾಯ ಎಷ್ಟೇ ಇರಲಿ ಉಚಿತ ವಕೀಲರನ್ನು ಪಡೆಯಬಹುದು. ಉಳಿದ ಹೆಚ್ಚಿನವರಿಗೆ ಆದಾಯದ ಮಿತಿ ಇದೆ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟರೆ ಆಯಿತು, ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಇಂಥ ಸಮಿತಿಗಳಿವೆ. ಶುಲ್ಕ ಕಟ್ಟಲಾಗದವರು ನಿರ್ಗತಿಕರಾಗಿ ಮೇಲ್ಮನವಿ ಹಾಕಲು ಅನುಮತಿ ಕೇಳಬಹುದು. ಇದು ದಯೆಯ ಮಾತಲ್ಲ, ಕಾನೂನು ಕೊಟ್ಟ ಹಕ್ಕು. ಕೇಳುವಾಗ ತಲೆ ತಗ್ಗಿಸಬೇಕಾಗಿಲ್ಲ.

ಕೊನೆಗೊಂದು ನೋವು ಹೇಳಿಕೊಳ್ಳಬೇಕು. ಆದೇಶವನ್ನು ಓದಿ ಎಂದು ಆಗಿನಿಂದ ಹೇಳುತ್ತಿದ್ದೇನೆ. ಆದರೆ ಓದಬೇಕಾದವರ ಕೈಗೆ ಬರುವ ಹೈಕೋರ್ಟಿನ ಆದೇಶ ಇಂಗ್ಲಿಷಿನಲ್ಲಿರುತ್ತದೆ. ಸಂವಿಧಾನದ 348ನೇ ವಿಧಿ ಉಚ್ಚ ನ್ಯಾಯಾಲಯಗಳ ಭಾಷೆಯನ್ನು ಹಾಗಿಟ್ಟಿದೆ. 2024ರ ಡಿಸೆಂಬರ್‌ನಲ್ಲಿ ನಮ್ಮ ಹೈಕೋರ್ಟಿನ ವಿಭಾಗೀಯ ಪೀಠವೊಂದು ಕನ್ನಡದಲ್ಲಿ ತೀರ್ಪು ಕೊಟ್ಟಾಗ ನನಗಾದ ಸಂತೋಷ ಇಂದಿಗೂ ಇದೆ, ಅದು ಮಾಮೂಲಾಗುವ ದಿನ ಬರಬೇಕು. ಅಲ್ಲಿಯವರೆಗೆ ಚನ್ನರಾಯಪಟ್ಟಣ ಹೋಬಳಿಯ ಪೋಲನಹಳ್ಳಿಯ, ನಲ್ಲೂರಿನ, ಮಟ್ಟಬಾರ್ಲುವಿನ ಹೆಣ್ಣುಮಕ್ಕಳೂ ಗಂಡಸರೂ ಮಾಡಬಹುದಾದದ್ದು ಇಷ್ಟು: ಆದೇಶ ಹೊರಬಿದ್ದ ದಿನವೇ ನಕಲಿಗೆ ಅರ್ಜಿ ಹಾಕುವುದು, ನಕಲು ಬಂದ ಮೇಲೆ ವಕೀಲರ ಕಚೇರಿಯಲ್ಲಿ ಕೂತು ಪ್ರತಿ ಪ್ಯಾರಾವನ್ನೂ ಕನ್ನಡದಲ್ಲಿ ಹೇಳಿಸಿಕೊಳ್ಳುವುದು, ನಮ್ಮ ಕಡೆಯ ಯಾವ ಕಾಗದದ ಬಗ್ಗೆ ಇದರಲ್ಲಿ ಒಂದು ಮಾತೂ ಇಲ್ಲ ಎಂದು ಪೆನ್ಸಿಲಿನಲ್ಲಿ ಗುರುತು ಹಾಕುತ್ತ ಹೋಗುವುದು. ಹೋರಾಟದ ಚಪ್ಪರದಲ್ಲಿ ಅಧಿಸೂಚನೆಯ ಸರ್ವೆ ನಂಬರುಗಳನ್ನು ಒಂದೊಂದಾಗಿ ಓದಿ ತಮ್ಮ ಹೊಲ ಎಲ್ಲಿದೆ ಎಂದು ಪತ್ತೆಹಚ್ಚಿದವರಿಗೆ ಈ ಕೆಲಸ ಹೊಸದಲ್ಲ.